ಹಾಸನದಿಂದ ಅಂತರರಾಷ್ಟ್ರೀಯ ವಿನಿಮಯಕ್ಕೆ: ವಿಕಲಚೇತನ ಯುವಜನರು ಅರ್ಜಿ ಹಾಕುವ, ಹೋಗಿಬರುವ, ಬಂದ ಮೇಲೆ ಕೆಲಸ ಮಾಡುವ ಕ್ರಮ

ಹಾಸನ, ಬೇಲೂರು, ಅರಸೀಕೆರೆ, ಮೂಡಿಗೆರೆ, ಕಡೂರು ಕಡೆಯ ವಿಕಲಚೇತನ ಯುವಕ ಯುವತಿಯರು ವಿದೇಶದ ತರಬೇತಿ, ಫೆಲೋಶಿಪ್ ಮತ್ತು ವಿನಿಮಯ ಕಾರ್ಯಕ್ರಮಗಳಿಗೆ ಬರೆಯುವ ಅರ್ಜಿಗಳನ್ನು ಹಲವು ವರ್ಷಗಳಿಂದ ಓದಿ ತಿದ್ದಿಕೊಡುತ್ತಿದ್ದೇನೆ. ಈ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗುವುದಕ್ಕೆ ಅರ್ಹತೆಯ ಕೊರತೆ ಕಾರಣವಲ್ಲ. ಮೂರು ತಪ್ಪುಗಳು ಮತ್ತೆ ಮತ್ತೆ ಎದುರಾಗುತ್ತವೆ: ಪ್ರಕಟಣೆ ಕಂಡ ಮೇಲೆ ದಾಖಲೆ ಹುಡುಕಲು ಹೊರಡುವುದು, ತಮಗೆ ಬೇಕಾದ ನೆರವನ್ನು ಹೇಳದೆ ಮುಚ್ಚಿಡುವುದು, ಮರಳಿ ಬಂದ ಮೇಲೆ ಏನು ಮಾಡುವಿರಿ ಎಂಬ ಪ್ರಶ್ನೆಗೆ "ಜಾಗೃತಿ ಮೂಡಿಸುತ್ತೇನೆ" ಎಂದಷ್ಟೇ ಬರೆದು ಸುಮ್ಮನಾಗುವುದು. ಈ ಮಾರ್ಗದರ್ಶಿಯನ್ನು ಆ ಮೂರು ತಪ್ಪುಗಳನ್ನು ಎದುರಿಗಿಟ್ಟುಕೊಂಡೇ ಬರೆದಿದ್ದೇನೆ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ; ಕ್ರಮ ತಪ್ಪಿದಾಗ ಒಂದು ವರ್ಷವೇ ಕೈತಪ್ಪಿ ಹೋದದ್ದನ್ನು ನೋಡಿದ್ದೇನೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿದೆ. ಅದರ 32ನೇ ವಿಧಿಯು ಅಂತರರಾಷ್ಟ್ರೀಯ ಸಹಕಾರದ ಕಾರ್ಯಕ್ರಮಗಳು ವಿಕಲಚೇತನರನ್ನು ಒಳಗೊಳ್ಳಬೇಕು, ಅವರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಅನುಭವ ಮತ್ತು ತರಬೇತಿಯ ವಿನಿಮಯವನ್ನೂ ಅದೇ ವಿಧಿ ಹೆಸರಿಸುತ್ತದೆ. ಆದ್ದರಿಂದ ನೀವು ಅರ್ಜಿ ಹಾಕುವಾಗ ಯಾರ ಔದಾರ್ಯವನ್ನೂ ಬೇಡುತ್ತಿಲ್ಲ. ನಿಮ್ಮ ಅರ್ಜಿಯ ಪ್ರತಿ ವಾಕ್ಯದ ಧ್ವನಿಯೂ ಈ ತಿಳಿವಳಿಕೆಯಿಂದಲೇ ಬರಬೇಕು.

ಮೊದಲೇ ಕೈಯಲ್ಲಿರಬೇಕಾದವು

ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮತ್ತು ಅಂಗವೈಕಲ್ಯ ಪ್ರಮಾಣಪತ್ರ, ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನಿಮ್ಮ ಹೆಸರಿನಲ್ಲೇ ಇರುವ ಮಿಂಚಂಚೆ ವಿಳಾಸ, ಐದು ಮೀಟರಿನ ಅಳತೆ ಟೇಪು, ಒಂದು ನೋಟ್‌ಪುಸ್ತಕ. ದೃಷ್ಟಿದೋಷವಿರುವವರು ಕಂಪ್ಯೂಟರಿನಲ್ಲಿ ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತೆರೆವಾಚಕವನ್ನು ಹಾಕಿಸಿಕೊಂಡು, ಅದರಲ್ಲಿ ಇಂಗ್ಲಿಷ್ ನಮೂನೆಗಳನ್ನು ತಾವೇ ತುಂಬುವ ಅಭ್ಯಾಸ ಮಾಡಿಕೊಂಡಿರಬೇಕು. ಸೈಬರ್ ಕೇಂದ್ರದವರ ಮಿಂಚಂಚೆಯಿಂದ ಅರ್ಜಿ ಹಾಕಬೇಡಿ. ಸಂದರ್ಶನದ ಕರೆ ಅಲ್ಲಿಗೆ ಬಂದು, ಯಾರೂ ತೆರೆಯದೆ, ದಿನಾಂಕ ಕಳೆದು ಹೋದ ಪ್ರಸಂಗ ಒಂದೆರಡಲ್ಲ.

ಹಂತ 1: ಮರಳಿದ ಮೇಲಿನ ಕೆಲಸವನ್ನು ಮೊದಲು ಗೊತ್ತುಮಾಡಿಕೊಳ್ಳಿ

ಕಾರ್ಯಕ್ರಮ ಹುಡುಕುವುದಕ್ಕೂ ಮುಂಚೆ ಈ ಹಂತ ಮುಗಿದಿರಬೇಕು. ನಿಮ್ಮ ತಾಲ್ಲೂಕಿನಲ್ಲಿ ವಿಕಲಚೇತನರಿಗೆ ಅಡ್ಡಿಯಾಗಿರುವ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ಅದು ಕಣ್ಣಿಗೆ ಕಾಣುವಂಥದ್ದೂ ಅಳೆಯಲು ಬರುವಂಥದ್ದೂ ಆಗಿರಲಿ. "ಸಮಾಜದ ಮನೋಭಾವ ಬದಲಾಗಬೇಕು" ಎಂಬುದು ನಿಜವಾದರೂ ಅದನ್ನು ಟೇಪು ಹಿಡಿದು ಅಳೆಯಲಾಗದು. ಬಸ್ ನಿಲ್ದಾಣದ ಶೌಚಾಲಯದ ಬಾಗಿಲನ್ನು ಅಳೆಯಬಹುದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಸರ್ಕಾರಿ ಕಚೇರಿಯ ಮುಂದೆ ಮೂರು ಮೆಟ್ಟಿಲುಗಳಿವೆ, ಪ್ರತಿಯೊಂದೂ 15 ಸೆಂ.ಮೀ. ಎತ್ತರ ಎಂದುಕೊಳ್ಳಿ. ಒಟ್ಟು ಏರು 45 ಸೆಂ.ಮೀ. ಇಳಿಜಾರು ದಾರಿಯ ವಾಲು 1:12ಕ್ಕಿಂತ ಕಡಿದಾಗಿರಬಾರದು ಎಂಬ ಲೆಕ್ಕದಂತೆ ಅಲ್ಲಿ ಕನಿಷ್ಠ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಆದರೆ ಮೆಟ್ಟಿಲಿನ ಪಕ್ಕದಲ್ಲಿ ಎರಡು ಮೀಟರಿನ ಸಿಮೆಂಟ್ ಇಳಿಜಾರನ್ನು ಕಟ್ಟಿ "ರ‍್ಯಾಂಪ್ ಇದೆ" ಎಂದು ವರದಿ ಬರೆದಿರುತ್ತಾರೆ. ಅಂಥದ್ದರ ಮೇಲೆ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಹತ್ತುವುದು ಹೆಚ್ಚಿನವರಿಗೆ ಆಗದು, ಇಳಿಯುವಾಗ ಮುಗ್ಗರಿಸಿ ಬೀಳುವ ಅಪಾಯವೂ ಇದೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಅದರ ಮೇಲೆ ಪಾಚಿಯೂ ಕಟ್ಟುತ್ತದೆ. ಈ ಮೂರು ಅಳತೆಗಳು, ಒಂದು ಫೋಟೊ ಮತ್ತು ದಿನಾಂಕ ನಿಮ್ಮ ನೋಟ್‌ಪುಸ್ತಕದಲ್ಲಿದ್ದರೆ, ಅರ್ಜಿಯಲ್ಲಿ ಹತ್ತು ಪುಟದ ಕಳಕಳಿಗಿಂತ ಹೆಚ್ಚು ತೂಕ ಅದಕ್ಕಿರುತ್ತದೆ.

ಕಟ್ಟಡವೇ ಆಗಬೇಕೆಂದಿಲ್ಲ. ಗ್ರಾಮ ಸಭೆಯಲ್ಲಿ ಸಂಜ್ಞಾ ಭಾಷೆಯ ದುಭಾಷಿ ಇಲ್ಲದಿರುವುದು, ತೋಟದ ಲೈನು ಮನೆಗಳಲ್ಲಿರುವ ಬುದ್ಧಿಮಾಂದ್ಯ ಮಕ್ಕಳಿಗೆ ಇನ್ನೂ ಪ್ರಮಾಣಪತ್ರ ಸಿಗದಿರುವುದು, ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಮೀಸಲಾದ ಹಣ ಬೇರೆ ಕಡೆಗೆ ಹೋಗುತ್ತಿರುವುದು, ಇವೆಲ್ಲ ಒಳ್ಳೆಯ ವಿಷಯಗಳು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಂದಿಗೆ ಅರ್ಧ ದಿನ ಓಡಾಡಿದರೆ ಬೇಕಾದಷ್ಟು ವಿಷಯ ಸಿಗುತ್ತದೆ.

ಹಂತ 2: ಹೆಸರನ್ನು ಒಂದೇ ರೂಪಕ್ಕೆ ತನ್ನಿ

ನಮ್ಮ ಕಡೆಯ ಹೆಸರುಗಳಲ್ಲಿ ಮನೆತನದ ಹೆಸರು ಇರುವುದು ಅಪರೂಪ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಯುಡಿಐಡಿಯಲ್ಲಿ ಇನಿಷಿಯಲ್ಲೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಪೂರ್ತಿ ಬರೆದಿದೆ ಎಂದರೆ, ವಿದೇಶದ ಆಯ್ಕೆ ಸಮಿತಿಗೆ ಇವು ನಾಲ್ಕು ಬೇರೆ ಬೇರೆ ವ್ಯಕ್ತಿಗಳ ದಾಖಲೆಗಳಂತೆ ಕಾಣುತ್ತವೆ. ವೀಸಾ ಅಧಿಕಾರಿಗಂತೂ ಅದು ಸಂಶಯಕ್ಕೆ ಕಾರಣವಾಗುತ್ತದೆ.

ಕ್ರಮ ಹೀಗಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೂ ಜನ್ಮದಿನಾಂಕವನ್ನೂ ಆಧಾರವಾಗಿಟ್ಟುಕೊಳ್ಳಿ. ಮೊದಲು ಆಧಾರ್ ತಿದ್ದಿಸಿ, ನಂತರ ಯುಡಿಐಡಿ, ಕೊನೆಯಲ್ಲಿ ಪಾಸ್‌ಪೋರ್ಟ್. ಇದನ್ನು ತಲೆಕೆಳಗು ಮಾಡಿದರೆ ಪಾಸ್‌ಪೋರ್ಟನ್ನು ಎರಡನೆಯ ಸಲ ಮಾಡಿಸಬೇಕಾಗುತ್ತದೆ.

ಯುಡಿಐಡಿಗೆ ಸಂಬಂಧಿಸಿ ಎರಡು ಎಚ್ಚರಿಕೆಗಳಿವೆ. ನಿಮ್ಮ ಪ್ರಮಾಣಪತ್ರ ಶಾಶ್ವತವೋ ತಾತ್ಕಾಲಿಕವೋ ನೋಡಿಕೊಳ್ಳಿ; ತಾತ್ಕಾಲಿಕವಾಗಿದ್ದರೆ ಮರುಪರೀಕ್ಷೆಯ ದಿನಾಂಕವು ಪ್ರವಾಸದ ನಡುವೆ ಬೀಳದಂತೆ ಮುಂಚೆಯೇ ವೈದ್ಯಕೀಯ ಮಂಡಳಿಯ ಮುಂದೆ ಹೋಗಿ ಬನ್ನಿ. ಎರಡನೆಯದಾಗಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಯ ವೈಕಲ್ಯಗಳಿವೆ. ಹಳೆಯ ಪ್ರಮಾಣಪತ್ರದಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯನ್ನೋ ಸೆರೆಬ್ರಲ್ ಪಾಲ್ಸಿಯನ್ನೋ ಬರೀ "ದೈಹಿಕ ಅಂಗವಿಕಲತೆ" ಎಂದು ಬರೆದಿದ್ದರೆ ಹೆಸರಿಟ್ಟು ಬರೆಸಿಕೊಳ್ಳಿ. ನೆರವು ಕೇಳುವಾಗ ಈ ಹೆಸರು ಕೆಲಸಕ್ಕೆ ಬರುತ್ತದೆ.

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ದಾಖಲೆ ಪರಿಶೀಲನೆ ಆಗುತ್ತದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಸಹಿ ಮಾಡಲಾಗದವರು ಹೆಬ್ಬೆರಳ ಗುರುತು ಹಾಕಬಹುದು. ನೀವು ವಿಳಾಸ ಬದಲಿಸಿ ಹಾಸ್ಟೆಲಿನಲ್ಲಿದ್ದರೆ ಪೊಲೀಸ್ ಪರಿಶೀಲನೆಯ ದಿನ ಎಲ್ಲಿರುತ್ತೀರಿ ಎಂದು ಮೊದಲೇ ಯೋಚಿಸಿಕೊಳ್ಳಿ.

ಹಂತ 3: ನಿಮಗೆ ಹೊಂದುವ ಕಾರ್ಯಕ್ರಮವನ್ನು ಆರಿಸಿ

ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕುವುದಕ್ಕಿಂತ ವರ್ಷಕ್ಕೆ ಎರಡೇ ಅರ್ಜಿ ಸಾಕು ಎಂಬುದು ನನ್ನ ಅಭಿಪ್ರಾಯ. ಕಾರ್ಯಕ್ರಮಗಳು ಮುಖ್ಯವಾಗಿ ಮೂರು ಬಗೆಯವು.

ವಿಕಲಚೇತನರಿಗೆಂದೇ ರೂಪಿಸಿದ ನಾಯಕತ್ವ ತರಬೇತಿಗಳು ಮೊದಲನೆಯವು. ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿರುವ ಮೊಬಿಲಿಟಿ ಇಂಟರ್‌ನ್ಯಾಷನಲ್ ಯುಎಸ್ಎ ಸಂಸ್ಥೆಯು 1997ರಿಂದ ವಿಕಲಚೇತನ ಮಹಿಳೆಯರಿಗಾಗಿ "ವೈಲ್ಡ್" ಎಂಬ ತರಬೇತಿಯನ್ನು ನಡೆಸುತ್ತ ಬಂದಿದೆ. ಜಪಾನಿನ ಡಸ್ಕಿನ್ ನಾಯಕತ್ವ ತರಬೇತಿ 1999ರಲ್ಲಿ ಆರಂಭವಾದದ್ದು. ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ವಿಕಲಚೇತನ ಯುವಜನರಿಗೆ ಅಲ್ಲಿ ಜಪಾನಿ ಭಾಷೆಯ ಕಲಿಕೆಯಿಂದಲೇ ತರಬೇತಿ ಶುರುವಾಗುತ್ತದೆ. ಯಾವ ಕಾರ್ಯಕ್ರಮವೇ ಆಗಲಿ, ಆ ವರ್ಷ ಅರ್ಜಿ ಕರೆದಿದ್ದಾರೆಯೇ ಎಂಬುದನ್ನು ಆಯಾ ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ನೋಡಿ, ವಾಟ್ಸ್ಆಪ್ ಸಂದೇಶವನ್ನು ನಂಬಬೇಡಿ.

ಎರಡನೆಯವು ಎಲ್ಲರಿಗೂ ತೆರೆದಿರುವ ಉನ್ನತ ವ್ಯಾಸಂಗದ ವಿದ್ಯಾರ್ಥಿವೇತನಗಳು: ಫುಲ್‌ಬ್ರೈಟ್-ನೆಹರೂ, ಚೀವ್ನಿಂಗ್, ಕಾಮನ್‌ವೆಲ್ತ್, ಎರಾಸ್ಮಸ್ ಮುಂಡಸ್. ಎರಾಸ್ಮಸ್ ಮುಂಡಸ್‌ನಲ್ಲಿ ವಿಕಲಚೇತನ ವಿದ್ಯಾರ್ಥಿಯ ವೈಯಕ್ತಿಕ ಅಗತ್ಯಗಳಿಗೆ ಹೆಚ್ಚುವರಿ ಹಣವಿದೆ, ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ. ಕೇಂದ್ರ ಸರ್ಕಾರದ ವಿಕಲಚೇತನರ ಸಬಲೀಕರಣ ಇಲಾಖೆಯ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದು ಸ್ನಾತಕೋತ್ತರ ಅಥವಾ ಪಿಎಚ್‌ಡಿ ವ್ಯಾಸಂಗಕ್ಕೆ ಹೋಗುವವರಿಗಾಗಿ ಮೀಸಲಾದ ಯೋಜನೆ ಅದು. ವಿಚಿತ್ರವೆಂದರೆ ನಮ್ಮ ಜಿಲ್ಲೆಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

ಮೂರನೆಯ ಬಗೆಯನ್ನು ನಾನು ಹೆಚ್ಚಾಗಿ ಶಿಫಾರಸು ಮಾಡುತ್ತೇನೆ. ವೀಸಾ ಇಲ್ಲದೆಯೇ ಅಂತರರಾಷ್ಟ್ರೀಯ ಒಡನಾಟ ಸಿಗುವ ಕಡೆಗೆ ಮೊದಲು ಹೋಗಿ. ತಿರುವನಂತಪುರದ ಬಳಿಯ ಕಾಂತಾರಿ ಸಂಸ್ಥೆಯನ್ನು ಸ್ಥಾಪಿಸಿದವರು ಸಬ್ರಿಯೆ ಟೆನ್‌ಬರ್ಕನ್ ಮತ್ತು ಪಾಲ್ ಕ್ರೋನೆನ್‌ಬರ್ಗ್. ಟೆನ್‌ಬರ್ಕನ್ ಅವರು ಸ್ವತಃ ಅಂಧರು, ಟಿಬೆಟಿನ ಭಾಷೆಗೆ ಬ್ರೈಲ್ ಲಿಪಿ ರೂಪಿಸಿದವರು. ಅಲ್ಲಿ ಹಲವು ದೇಶಗಳಿಂದ ಬಂದವರು ಒಟ್ಟಿಗೆ ತಿಂಗಳುಗಟ್ಟಲೆ ತರಬೇತಿ ಪಡೆಯುತ್ತಾರೆ. ಊರು ಬಿಟ್ಟು ಒಂದು ರಾತ್ರಿಯೂ ಬೇರೆಡೆ ತಂಗದವರು ನೇರವಾಗಿ ಹತ್ತು ತಿಂಗಳು ಜಪಾನಿಗೆ ಹೋಗುವುದಕ್ಕಿಂತ ಇದು ಒಳ್ಳೆಯ ಮೊದಲ ಮೆಟ್ಟಿಲು.

ಮೋಸದ ಲಕ್ಷಣಗಳನ್ನು ಗುರುತಿಡಿ. ಆಯ್ಕೆಯಾಗಿದ್ದೀರಿ ಎಂದು ಹೇಳಿ ಪ್ರಕ್ರಿಯಾ ಶುಲ್ಕ ಕೇಳುವುದು. ನೀವು ಅರ್ಜಿಯನ್ನೇ ಹಾಕದ "ಅಂತರರಾಷ್ಟ್ರೀಯ ಸಮ್ಮೇಳನ"ಕ್ಕೆ ಆಹ್ವಾನ ಬಂದು ಹೋಟೆಲ್ ಮುಂಗಡ ಕೇಳುವುದು. ವೀಸಾ ಖಚಿತ ಎಂಬ ಭರವಸೆ. ಮೂಲ ಪಾಸ್‌ಪೋರ್ಟನ್ನೋ ಯುಡಿಐಡಿಯನ್ನೋ ಮಧ್ಯವರ್ತಿ ಇಟ್ಟುಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ. ಸಾಲ ಮಾಡಿ ಹಣ ಕಟ್ಟಿದ ಕುಟುಂಬಗಳ ನೋವನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಂತ 4: ಉದ್ದೇಶದ ಹೇಳಿಕೆಯನ್ನು ಬರೆಯಿರಿ

ನಾನು ತಿದ್ದುವ ಹೇಳಿಕೆಗಳಲ್ಲಿ ಹೆಚ್ಚಿನವು "ನಾನು ಬಡ ರೈತ ಕುಟುಂಬದಲ್ಲಿ ಹುಟ್ಟಿ, ಎರಡನೆಯ ವರ್ಷದಲ್ಲಿ ಜ್ವರ ಬಂದು ಕಾಲು ಸ್ವಾಧೀನ ಕಳೆದುಕೊಂಡೆ" ಎಂದು ಆರಂಭವಾಗುತ್ತವೆ. ಇದು ಪಿಂಚಣಿಗೆ ಅರ್ಜಿ ಬರೆದು ಬರೆದು ನಮಗೆ ಬಂದಿರುವ ಅಭ್ಯಾಸ. ಕಚೇರಿಗಳು ನಮ್ಮಿಂದ ಇಷ್ಟು ವರ್ಷ ಕಷ್ಟದ ಕಥೆಯನ್ನೇ ಕೇಳಿವೆ, ಹಾಗಾಗಿ ತಪ್ಪು ನಮ್ಮದಲ್ಲ. ಆದರೂ ವಿನಿಮಯ ಕಾರ್ಯಕ್ರಮದ ಅರ್ಜಿಯಲ್ಲಿ ಅದು ಜಾಗ ನುಂಗುತ್ತದೆ.

ಹಂತ 1ರಲ್ಲಿ ಅಳೆದ ಸಂಗತಿಯಿಂದಲೇ ಮೊದಲ ಪ್ಯಾರಾ ಆರಂಭಿಸಿ. ಎರಡನೆಯದರಲ್ಲಿ ಅದನ್ನು ಸರಿಪಡಿಸಲು ಈವರೆಗೆ ನೀವು ಮಾಡಿದ್ದನ್ನು ಹೇಳಿ. ಒಂದು ಮನವಿ ಪತ್ರ ಕೊಟ್ಟಿದ್ದರೂ ದಿನಾಂಕದೊಂದಿಗೆ ಬರೆಯಿರಿ. ಎಲ್ಲಿ ತಡೆದು ನಿಂತಿರಿ, ಯಾವ ತಿಳಿವಳಿಕೆ ನಿಮಗೆ ಸಾಲದಾಯಿತು ಎಂಬುದು ಮೂರನೆಯದು. ಆ ದೇಶದಲ್ಲಿ ಅದನ್ನು ಯಾರಿಂದ, ಹೇಗೆ ಕಲಿಯಲು ಬಯಸುತ್ತೀರಿ ಎಂಬುದು ನಾಲ್ಕನೆಯದು. ನಿಮ್ಮ ವೈಕಲ್ಯದ ಮಾತು ಇವುಗಳ ನಡುವೆ ಎಲ್ಲಿ ಸಹಜವಾಗಿ ಬರುತ್ತದೋ ಅಲ್ಲಿ ಬರಲಿ. ಕನ್ನಡದಲ್ಲಿ ಪೂರ್ತಿ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಯಂತ್ರಾನುವಾದ ಬಳಸಿದರೂ ಪ್ರತಿ ವಾಕ್ಯದ ಅರ್ಥವನ್ನು ನೀವು ವಿವರಿಸುವಂತಿರಬೇಕು, ಏಕೆಂದರೆ ಸಂದರ್ಶನದಲ್ಲಿ ಅದೇ ವಾಕ್ಯವನ್ನು ಹಿಡಿದು ಕೇಳುತ್ತಾರೆ.

ಹಂತ 5: ಅಗತ್ಯಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವಿರಾದರೆ ಇದನ್ನು ಓದಿ. ಬಹುತೇಕ ಎಲ್ಲ ನಮೂನೆಗಳಲ್ಲೂ "ನಿಮಗೆ ಯಾವ ಅನುಕೂಲತೆಗಳು ಬೇಕು" ಎಂಬ ಪ್ರಶ್ನೆ ಇರುತ್ತದೆ, ನಮ್ಮವರು ಅಲ್ಲಿ "ಏನೂ ಬೇಡ" ಎಂದು ಬರೆಯುತ್ತಾರೆ. ಬೇಕು ಎಂದರೆ ಆಯ್ಕೆ ಮಾಡಲಾರರು ಎಂಬ ಹೆದರಿಕೆಯೇ ಕಾರಣ.

ನಾನೂ ಹಾಗೆ ಬರೆದವನೇ. ಬಲಗಾಲಿಗೆ ಕ್ಯಾಲಿಪರ್ ಹಾಕಿ ಊರುಗೋಲಿನಲ್ಲಿ ನಡೆಯುವ ನಾನು, ಮೊದಲ ಸಲ ಹೊರದೇಶದ ತರಬೇತಿಗೆ ಹೋದಾಗ ಆ ಜಾಗದಲ್ಲಿ ಗೆರೆ ಎಳೆದು ಬಿಟ್ಟಿದ್ದೆ. ಕೊಠಡಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ, ಸ್ನಾನದ ಜಾಗದಲ್ಲಿ ಕೂರಲು ಸ್ಟೂಲಾಗಲಿ ಹಿಡಿದುಕೊಳ್ಳಲು ಕಂಬಿಯಾಗಲಿ ಇರಲಿಲ್ಲ. ಕ್ಯಾಲಿಪರ್ ಬಿಚ್ಚಿದ ಮೇಲೆ ನನಗೆ ನಿಲ್ಲಲಾಗದು. ಮೂರನೆಯ ದಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮೊಣಕೈ ಊದಿಕೊಂಡು, ಉಳಿದ ತರಬೇತಿಯನ್ನೆಲ್ಲ ಆ ನೋವಿನಲ್ಲೇ ಕಳೆದೆ. ಸಂಘಟಕರು ಕೇಳಿದ್ದು ಒಂದೇ ಮಾತು: ಒಂದು ಸಾಲು ಬರೆದಿದ್ದರೆ ನೆಲಮಹಡಿಯ ಕೊಠಡಿ ಕೊಡುತ್ತಿದ್ದೆವಲ್ಲ, ಏಕೆ ಬರೆಯಲಿಲ್ಲ?

ಯುಕ್ತ ಹೊಂದಾಣಿಕೆ ಎಂಬ ಕಾನೂನಿನ ಪರಿಕಲ್ಪನೆಯ ತಿರುಳು ಇಷ್ಟೇ: ಇತರರಿಗೆ ಸಮನಾಗಿ ಭಾಗವಹಿಸಲು ಬೇಕಾದ, ಇನ್ನೊಬ್ಬರಿಗೆ ಮಿತಿಮೀರಿದ ಹೊರೆಯಾಗದ ಬದಲಾವಣೆ. ಚಿಕ್ಕಮಗಳೂರು ಜಿಲ್ಲೆಯ ಓಟಗಾರ್ತಿ ರಕ್ಷಿತಾ ರಾಜು ಅವರನ್ನು ನೆನೆಯಿರಿ. ಏಷ್ಯನ್ ಪ್ಯಾರಾ ಕ್ರೀಡಾಕೂಟದ 1,500 ಮೀಟರ್ ಓಟದಲ್ಲಿ ಅಂಧರ ವಿಭಾಗದ ಚಿನ್ನ ಗೆದ್ದ ಅವರ ಪಕ್ಕದಲ್ಲಿ, ಕೈಗೆ ದಾರದ ಕೊಂಡಿ ಹಿಡಿದ ಮಾರ್ಗದರ್ಶಿ ಓಟಗಾರರು ಓಡುತ್ತಾರೆ. ಅದು ಯಾರೋ ಮಾಡಿದ ಉಪಕಾರವಲ್ಲ, ಆ ಸ್ಪರ್ಧೆಯ ನಿಯಮದೊಳಗೇ ಇರುವ ವ್ಯವಸ್ಥೆ. ನಿಮ್ಮ ಅಗತ್ಯಗಳ ಪಟ್ಟಿಯನ್ನೂ ಅದೇ ರೀತಿ ನೋಡಿ.

ಬರೆಯುವ ಬಗೆ ಮುಖ್ಯ. ವೈಕಲ್ಯದ ಹೆಸರನ್ನಷ್ಟೇ ಬರೆದರೆ ಸಂಘಟಕರಿಗೆ ಏನೂ ತಿಳಿಯದು; ಏನು ಮಾಡಬಲ್ಲಿರಿ, ಏನು ಬೇಕು, ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಬೇಕು. ನಮೂನೆಗೆ ನನ್ನ ಈಗಿನ ಪಟ್ಟಿಯ ಒಂದು ಭಾಗ: "ಊರುಗೋಲಿನ ನೆರವಿನಿಂದ ಸಮತಟ್ಟಾದ ದಾರಿಯಲ್ಲಿ 300 ಮೀಟರ್ ನಡೆಯಬಲ್ಲೆ. ಕೈಕಂಬಿ ಇದ್ದರೆ ಹತ್ತು ಮೆಟ್ಟಿಲು ಹತ್ತಬಲ್ಲೆ. ನೆಲಮಹಡಿಯ ಅಥವಾ ಲಿಫ್ಟ್ ಇರುವ ಕೊಠಡಿ, ಸ್ನಾನಕ್ಕೆ 45 ಸೆಂ.ಮೀ. ಎತ್ತರದ ಗಟ್ಟಿ ಆಸನ, ಗೋಡೆಗೆ ಕಂಬಿ ಬೇಕು."

ಗಾಲಿಕುರ್ಚಿ ಬಳಸುವವರು ಕುರ್ಚಿಯ ಅಗಲ, ತೂಕ, ಬ್ಯಾಟರಿಯ ಬಗೆ ಬರೆದು, ಶೌಚಾಲಯದ ಬಾಗಿಲಿನ ಅಗಲವನ್ನೂ ಫೋಟೊವನ್ನೂ ಕೇಳಲಿ. ಕಿವುಡರು ಭಾರತೀಯ ಸಂಜ್ಞಾ ಭಾಷೆಯ ದುಭಾಷಿಯೇ ಬೇಕೆಂದು ಬಿಡಿಸಿ ಬರೆಯಬೇಕು. ಸಂಜ್ಞಾ ಭಾಷೆ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ನಮ್ಮಲ್ಲಿ ಅಕ್ಷರಗಳನ್ನು ಎರಡು ಕೈಯಲ್ಲಿ ತೋರಿಸಿದರೆ ಅಮೆರಿಕದಲ್ಲಿ ಒಂದೇ ಕೈಯಲ್ಲಿ ತೋರಿಸುತ್ತಾರೆ. "ದುಭಾಷಿ ಬೇಕು" ಎಂದಷ್ಟೇ ಬರೆದರೆ ಅಲ್ಲಿನ ದುಭಾಷಿ ಬಂದು ನಿಲ್ಲುತ್ತಾರೆ, ನಿಮಗೆ ಒಂದು ಸಂಜ್ಞೆಯೂ ತಿಳಿಯದು. ದೃಷ್ಟಿದೋಷವಿರುವವರು ಓದುವ ಸಾಮಗ್ರಿಯನ್ನು ಚಿತ್ರರೂಪದ ಪಿಡಿಎಫ್‌ನಲ್ಲಿ ಕೊಡದೆ ವರ್ಡ್ ಕಡತದಲ್ಲಿ ಒಂದು ವಾರ ಮುಂಚೆ ಕೊಡಬೇಕೆಂದು ಕೇಳಲಿ. ಅಪಸ್ಮಾರ, ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ ಇರುವವರು ಹೊರಗೆ ಕಾಣದ ಅಗತ್ಯವೆಂದು ಬಿಟ್ಟುಬಿಡುತ್ತಾರೆ. ರಾತ್ರಿ ಪೂರ್ತಿ ನಿದ್ರೆ ಬೇಕು, ಬೆಳಗಿನ ಜಾವದ ಪ್ರಯಾಣ ಬೇಡ ಎಂಬುದೂ ಒಂದು ಅಗತ್ಯವೇ.

ಹಂತ 6: ಮನೆಯವರೊಂದಿಗೆ ಮಾತನಾಡಿ

ಈ ಹಂತವನ್ನು ಆಯ್ಕೆ ಪತ್ರ ಬಂದ ಮೇಲಕ್ಕೆ ಮುಂದೂಡುವವರು, ವಿಶೇಷವಾಗಿ ಹೆಣ್ಣುಮಕ್ಕಳು, ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯಬೇಕಾಗುತ್ತದೆ. ಬೇಲೂರು ಕಡೆಯ ಒಬ್ಬ ತಾಯಿ ಗಾಲಿಕುರ್ಚಿ ಬಳಸುವ ಮಗಳಿಗೆ ನನ್ನೆದುರೇ ಕೇಳಿದ್ದರು: "ಅಲ್ಲಿ ನಿನ್ನನ್ನ ಬಚ್ಚಲಿಗೆ ಎತ್ಕೊಂಡು ಹೋಗೋರು ಯಾರವ್ವ?" ಅದು ಅಡ್ಡಗಾಲಿನ ಮಾತಲ್ಲ, ಇಪ್ಪತ್ತು ವರ್ಷ ದಿನವೂ ಎತ್ತಿಕೊಂಡು ಹೋದವರ ಪ್ರಶ್ನೆ. ಅದಕ್ಕೆ ಧೈರ್ಯದ ಮಾತು ಉತ್ತರವಾಗದು. ಸಂಘಟಕರಿಂದ ಬಂದ ಸ್ನಾನಗೃಹದ ಫೋಟೊ, ಕುರ್ಚಿಯಿಂದ ಆಸನಕ್ಕೆ ಜರುಗಿಕೊಳ್ಳುವುದನ್ನು ಮಗಳು ಮೂರು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿ ತೋರಿಸಿದ್ದು, ಜೊತೆಗಾರ್ತಿಯ ಖರ್ಚನ್ನೂ ಕೊಡುತ್ತೀರಾ ಎಂದು ಕೇಳಿದ ಪತ್ರ, ಈ ಮೂರನ್ನು ಕಂಡ ಮೇಲೆ ಆ ತಾಯಿ ಒಪ್ಪಿದರು.

ಹಂತ 7: ಶಿಫಾರಸು ಪತ್ರ ಮತ್ತು ಸಂದರ್ಶನ

ಶಾಸಕರ ಪತ್ರಕ್ಕಾಗಿ ಓಡಾಡಬೇಡಿ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ಪತ್ರ, ಅದು ಶಾಲೆಯ ಶಿಕ್ಷಕರದಾಗಲಿ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರದಾಗಲಿ, ಹೆಚ್ಚು ಬೆಲೆಯುಳ್ಳದ್ದು. ಪತ್ರ ಕೇಳುವಾಗ ನಿಮ್ಮ ಹೇಳಿಕೆಯ ಪ್ರತಿಯನ್ನೂ ಕೊಟ್ಟು ಕನಿಷ್ಠ ಮೂರು ವಾರ ಸಮಯ ಕೊಡಿ.

ಸಂದರ್ಶನ ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಸಂದರ್ಶನವಾದರೆ ಹಿಂದಿನ ದಿನವೇ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಪರಿಚಯದವರ ಮನೆಯಲ್ಲಿ ಉಳಿಯಿರಿ. ಸಂದರ್ಶನಕ್ಕೂ ಯುಕ್ತ ಹೊಂದಾಣಿಕೆ ಕೇಳಬಹುದು: ಪ್ರಶ್ನೆಗಳನ್ನು ಬರಹದಲ್ಲಿ ತೋರಿಸುವುದು, ಹೆಚ್ಚಿನ ಸಮಯ, ದುಭಾಷಿ.

ಹಂತ 8: ಅನುಮತಿ ಮತ್ತು ಹಣದ ನಿಯಮಗಳು

ಮೀಸಲಾತಿಯಿಂದ ಸರ್ಕಾರಿ ಕೆಲಸದಲ್ಲಿರುವ ಶಿಕ್ಷಕರೂ ಗುಮಾಸ್ತರೂ ಇಲ್ಲಿ ಎಡವುತ್ತಾರೆ. ವಿದೇಶಿ ಸಂಸ್ಥೆ ನಿಮ್ಮ ಪ್ರಯಾಣ, ವಸತಿಯ ವೆಚ್ಚ ಕೊಡುವುದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಲ್ಲಿ ವಿದೇಶಿ ಆತಿಥ್ಯ ಎನಿಸುತ್ತದೆ. ಸರ್ಕಾರಿ ನೌಕರರು, ನಿಗಮ ಮಂಡಳಿಗಳ ನೌಕರರು ಅದನ್ನು ಸ್ವೀಕರಿಸಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕು. ಎಫ್‌ಸಿ-2 ನಮೂನೆಯಲ್ಲಿ ಆನ್‌ಲೈನ್ ಅರ್ಜಿಯನ್ನು ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮುಂಚೆ ಸಲ್ಲಿಸಬೇಕಾಗಿದ್ದರೂ, ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ತಗಲುವ ಸಮಯ ಸೇರಿಸಿದರೆ ಎರಡು ತಿಂಗಳ ಮುಂಚೆ ಆರಂಭಿಸುವುದೇ ಸರಿ.

ನಿಮ್ಮ ಸಂಘಕ್ಕೆ ವಿದೇಶದಿಂದ ಯೋಜನೆಯ ಹಣ ಬರುವುದಾದರೆ ಅದೇ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು. ಸಂಘದ ಹಣವನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದು ಗಂಭೀರ ಅಪರಾಧ. ಸ್ನೇಹಪೂರ್ವಕವಾಗಿ ಕಳುಹಿಸುತ್ತೇವೆ ಎಂದರೂ ಬೇಡವೆನ್ನಿ.

ಹಂತ 9: ವಿಮಾನ, ಸಾಧನ, ಔಷಧ

ಟಿಕೆಟ್ ಮಾಡಿಸುವಾಗಲೇ ನೆರವಿನ ಸಂಕೇತವನ್ನು ದಾಖಲಿಸಿ. ತಡವೆಂದರೆ ಹೊರಡುವ 48 ಗಂಟೆ ಮುಂಚೆ. ಮೆಟ್ಟಿಲು ಹತ್ತಬಲ್ಲ ಆದರೆ ದೂರ ನಡೆಯಲಾಗದವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಹತ್ತಲಾಗದವರಿಗೆ ಡಬ್ಲ್ಯುಸಿಎಚ್ಎಸ್, ಆಸನದವರೆಗೂ ಒಯ್ಯಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ತಪ್ಪು ಸಂಕೇತ ಹಾಕಿಸಿದರೆ ವಿಮಾನದ ಮೆಟ್ಟಿಲ ಬುಡದಲ್ಲಿ ಕುಳಿತು ಕಾಯಬೇಕಾಗುತ್ತದೆ. ಸಂಕೇತ ಅಚ್ಚಾಗಿರುವ ಟಿಕೆಟ್ ಪ್ರತಿ ಕೈಯಲ್ಲಿರಲಿ.

ಬ್ಯಾಟರಿ ಕುರ್ಚಿಯಾದರೆ ಲಿಥಿಯಂ ಬ್ಯಾಟರಿಯ ವ್ಯಾಟ್-ಅವರ್ ಎಷ್ಟೆಂದು ಅದರ ಮೇಲೆಯೇ ಬರೆದಿರುತ್ತದೆ, ಅದರ ಫೋಟೊ ತೆಗೆದು ವಿಮಾನ ಸಂಸ್ಥೆಗೆ ಕಳುಹಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ನಮ್ಮ ಮನೆಯ ವಿದ್ಯುತ್ 230 ವೋಲ್ಟ್, ಜಪಾನಿನದು 100, ಅಮೆರಿಕದ್ದು 120. ಚಾರ್ಜರಿನ ಮೇಲೆ 100–240 ಎಂದು ಇಲ್ಲದಿದ್ದರೆ ಅದು ಅಲ್ಲಿ ಕೆಲಸ ಮಾಡದು.

ವಿಮಾನ ಹತ್ತಿಸಲು ನಿರಾಕರಿಸಿದರೆ ಶಾಂತವಾಗಿ, ಆದರೆ ಬರಹದಲ್ಲಿ ಕಾರಣ ಕೇಳಿ. ಸೆರೆಬ್ರಲ್ ಪಾಲ್ಸಿ ಇರುವ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ. ಪ್ರಯಾಣಿಕರ ಆರೋಗ್ಯದ ಬಗ್ಗೆ ಅನುಮಾನವಿದ್ದರೆ ವಿಮಾನ ನಿಲ್ದಾಣದ ವೈದ್ಯರ ಅಭಿಪ್ರಾಯ ಪಡೆದೇ ನಿರ್ಧರಿಸಬೇಕೆಂದು 2022ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮವನ್ನು ತಿದ್ದಿದೆ.

ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ, ಕೈಚೀಲದಲ್ಲಿ ಒಯ್ಯಿರಿ. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚು ದಿನಕ್ಕಾಗುವಷ್ಟು ಔಷಧ ಒಯ್ಯಲು ಅಲ್ಲಿನ ಸರ್ಕಾರದ ಮುಂಗಡ ದೃಢೀಕರಣ ಪತ್ರ ಬೇಕು. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ., ಅಲ್ಲಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನಗರ ದಾಟಬೇಕು. ಅದೇ ದಿನ ಹೊರಟು ಅದೇ ದಿನ ಹಾರುವ ಯೋಜನೆ ಬೇಡ. ನಮ್ಮ ದೇಹಕ್ಕೆ ಅದು ಮೊದಲ ದಿನವನ್ನೇ ಕೆಡಿಸುತ್ತದೆ.

ಹಂತ 10: ಅಲ್ಲಿ ಇರುವಾಗ

ದಿನವೂ ಅರ್ಧ ಪುಟ ಬರೆಯಿರಿ. ನೋಡಿದ ಸೌಲಭ್ಯವನ್ನು ಹೊಗಳುವುದಕ್ಕಿಂತ ಅದು ಹೇಗೆ ಬಂತು ಎಂದು ಕೇಳಿ: ಈ ಬಸ್ಸಿಗೆ ರ‍್ಯಾಂಪ್ ಬಂದದ್ದು ಯಾವ ಕಾನೂನಿನಿಂದ, ದೂರು ಕೊಟ್ಟವರು ಯಾರು, ಎಷ್ಟು ವರ್ಷ ಹಿಡಿಯಿತು, ಹಣ ಯಾರು ಕೊಟ್ಟರು? ಅಲ್ಲಿನ ಬಸ್ಸನ್ನು ನೀವು ಹೊತ್ತು ತರಲಾರಿರಿ, ಆದರೆ ದೂರು ಬರೆದ ಬಗೆಯನ್ನು ತರಬಲ್ಲಿರಿ. ಜೊತೆಯಲ್ಲಿರುವ ನೇಪಾಳದವರು, ಕೀನ್ಯಾದವರು ಹೇಳುವುದನ್ನು ಆತಿಥೇಯ ದೇಶದವರ ಮಾತಿಗಿಂತ ಹೆಚ್ಚು ಗಮನವಿಟ್ಟು ಕೇಳಿ. ಕಡಿಮೆ ಹಣದಲ್ಲಿ ಕೆಲಸ ಮಾಡುವುದು ಅವರಿಗೆ ಗೊತ್ತಿರುತ್ತದೆ. ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆಯನ್ನು ಅವರಿಗೆ ವಿವರಿಸಿ. ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರೇ ಗೌರವಧನದ ಮೇಲೆ ಕೆಲಸ ಮಾಡುವ ಈ ಏರ್ಪಾಡಿನಲ್ಲಿ ಅವರು ಕಲಿಯಬೇಕಾದದ್ದೂ ಇದೆ.

ಹಂತ 11: ಮರಳಿದ ಮೇಲಿನ ಮೊದಲ ಮೂರು ತಿಂಗಳು

ಸನ್ಮಾನಗಳಲ್ಲಿ ಮೊದಲ ತಿಂಗಳು ಕಳೆದುಹೋಗದಂತೆ ನೋಡಿಕೊಳ್ಳಿ. ಹಂತ 1ರ ನೋಟ್‌ಪುಸ್ತಕ ತೆಗೆದು ಅದೇ ಜಾಗಕ್ಕೆ ಹೋಗಿ ಮತ್ತೆ ಅಳೆಯಿರಿ. ನಂತರ ಆ ಕಚೇರಿಗೆ ಪತ್ರ ಬರೆಯಿರಿ. 2016ರ ಅಧಿನಿಯಮದ 23ನೇ ಪ್ರಕರಣದಂತೆ ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾಧಿಕಾರಿಯನ್ನು ನೇಮಿಸಿರಬೇಕು. ಪತ್ರವನ್ನು ಅವರ ಹೆಸರಿಗೇ ಬರೆಯಿರಿ, ಅಂಥವರು ಇಲ್ಲವೆಂದರೆ ಅದನ್ನೇ ಮೊದಲ ದೂರಾಗಿ ಮಾಡಿ. 45ನೇ ಪ್ರಕರಣವು ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳ ಅಧಿಸೂಚನೆಯಾದ ಐದು ವರ್ಷಗಳೊಳಗೆ ಎಲ್ಲರಿಗೂ ಎಟುಕುವಂತೆ ಮಾಡಬೇಕೆಂದಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಗಡುವು 2022ರಲ್ಲೇ ಮುಗಿದಿದೆ. ಸೌಲಭ್ಯದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಹೇಳಿದೆ. ಈ ಮೂರು ಅಂಶಗಳನ್ನು ಒಂದೇ ಪುಟದಲ್ಲಿ, ನಿಮ್ಮ ಅಳತೆಗಳೊಂದಿಗೆ ಬರೆಯಿರಿ.

ಪತ್ರದ ಒಂದು ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೂ ಇನ್ನೊಂದನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೂ ಕೊಡಿ. ಕೊಟ್ಟ ಕಡೆಯಲ್ಲೆಲ್ಲ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಟಪಾಲು ವಿಭಾಗದವರು ನಾಳೆ ಬನ್ನಿ ಎಂದರೂ ಮುದ್ರೆ, ದಿನಾಂಕ, ಸಹಿ ಇಲ್ಲದೆ ಎದ್ದು ಬರಬೇಡಿ. ಮೂವತ್ತು ದಿನ ಕಾದು, ಉತ್ತರ ಬಾರದಿದ್ದರೆ ಆ ಮುದ್ರೆಯ ಪ್ರತಿಯನ್ನು ಲಗತ್ತಿಸಿ ಎರಡನೆಯ ಪತ್ರ ಬರೆಯಿರಿ. ಮೊದಲ ಪತ್ರಕ್ಕೆ ಕೆಲಸ ಆದದ್ದನ್ನು ನಾನು ಕಂಡದ್ದು ಕಡಿಮೆ, ಎರಡನೆಯದಕ್ಕೆ ಅಳತೆ ಮಾಡಲು ಎಂಜಿನಿಯರ್ ಬಂದದ್ದನ್ನು ಕಂಡಿದ್ದೇನೆ. ಅವರು ಬಂದ ದಿನ ನೀವೂ ಅಲ್ಲಿರಿ, ನಿಮ್ಮ ಟೇಪನ್ನೂ ಒಯ್ಯಿರಿ.